ನೆಗೊಂಬೊದ ಮೀನುಗೂಡು

ಕೊಲಂಬೊ ವಿಮಾನ ನಿಲ್ದಾಣ

ನಾನು ಹೊರಟದ್ದು ಬಹರೈನಿಗೆ. ತಂಗಿ ಮತ್ತು ಅವಳ ಗಂಡ ಅಲ್ಲಿದ್ದಾರೆ, ವರ್ಷವರ್ಷವೂ ಕರೆಯುತ್ತಿದ್ದರು. ಮೂಡುಬಿದಿರೆಯಲ್ಲಿರುವ ನನ್ನ ಮೀನೂಟದ ಹೋಟೆಲನ್ನು ಒಂದು ತಿಂಗಳ ಮಟ್ಟಿಗೆ ತಮ್ಮನ ಕೈಗೆ ಒಪ್ಪಿಸುವ ಧೈರ್ಯ ಬಂದದ್ದು ತೊಂಬತ್ತರ ದಶಕ ಮುಗಿಯುತ್ತ ಬಂದಾಗ. ಟಿಕೆಟು ಅಗ್ಗವಾಗುತ್ತದೆ ಎಂದು ಏಜೆಂಟ ನನ್ನನ್ನು ತಿರುವನಂತಪುರಕ್ಕೆ ಓಡಿಸಿ, ಅಲ್ಲಿಂದ ಕೊಲಂಬೊ, ಕೊಲಂಬೊದಿಂದ ಬಹರೈನ್ ಎಂದು ದಾರಿ ಹಾಕಿಕೊಟ್ಟಿದ್ದ. ಶ್ರೀಲಂಕೆಯನ್ನು ನೋಡಬೇಕೆಂಬ ಆಸೆ ನನಗೆ ಯಾವತ್ತೂ ಇರಲಿಲ್ಲ. ಅದನ್ನು ನೋಡಿದ್ದು ವಿಮಾನ ಕೆಟ್ಟದ್ದರಿಂದ.

ಎಂಜಿನಿನ ಯಾವುದೋ ಭಾಗ ಬೇರೆ ದೇಶದಿಂದ ಬರಬೇಕಂತೆ. ಅಷ್ಟರ ತನಕ ಪ್ರಯಾಣಿಕರನ್ನು ಸ್ವಲ್ಪ ಸ್ವಲ್ಪವಾಗಿ ಬೇರೆ ವಿಮಾನಗಳಲ್ಲಿ ಕಳಿಸುತ್ತೇವೆ ಎಂದು ಕಂಪೆನಿಯ ಹುಡುಗಿ ನಗುನಗುತ್ತ ಹೇಳಿ ನಮ್ಮ ಪಾಸ್‌ಪೋರ್ಟುಗಳನ್ನು ತೆಗೆದಿಟ್ಟುಕೊಂಡಳು. ನಾನು ಮನಸ್ಸಿನಲ್ಲೇ ಏಜೆಂಟನಿಗೆ ಮಂತ್ರಾಕ್ಷತೆ ಹಾಕಿದೆ.

ಆಗ ಪಕ್ಕದಲ್ಲಿ ಒಬ್ಬ ತನ್ನ ರಟ್ಟಿನ ಪೆಟ್ಟಿಗೆಯನ್ನು ಮೂಸಿ ನೋಡುತ್ತಿದ್ದ. ಅದರ ಮೇಲೆ ಕೆಂಪು ಎಣ್ಣೆ ಹರಡಿತ್ತು. ಅದು ನನ್ನ ಪೆಟ್ಟಿಗೆಯೊಳಗಿನ ಮಾವಿನ ಮಿಡಿ ಉಪ್ಪಿನಕಾಯಿಯ ಎಣ್ಣೆ. ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವನು ತುಳುವಿನಲ್ಲಿ, ಇದು ನಮ್ಮ ಕಡೆಯ ಮಿಡಿ, ವಾಸನೆಯಲ್ಲೇ ಗೊತ್ತಾಗುತ್ತದೆ ಎಂದ. ಹೆಸರು ಹಸನಬ್ಬ, ಊರು ಫರಂಗಿಪೇಟೆ. ನಾನು ಹುಟ್ಟಿದ್ದು ನರಿಕೊಂಬಿನಲ್ಲಿ. ಒಂದೇ ನೇತ್ರಾವತಿಯ ನೀರು ಕುಡಿದವರು ಎಂದು ಹೇಳಿಕೊಳ್ಳಲು ನಾವು ಸಮುದ್ರ ದಾಟಬೇಕಾಯಿತು.

ಹಸನಬ್ಬನಿಗೆ ನಲವತ್ತರ ಆಸುಪಾಸು. ಹೊಳೆಯಲ್ಲಿ ಬೀಸುಬಲೆ ಹಾಕಿ ಮೀನು ಹಿಡಿದು ಮನೆ ನಡೆಸಿದವನು. ಮರಳು ತೆಗೆಯುವ ದೋಣಿಗಳು ಹೆಚ್ಚಿ ಮೀನು ಕಡಿಮೆಯಾದ ಮೇಲೆ ಅವನ ಹೆಂಡತಿಯ ಅಣ್ಣ ಬಹರೈನಿನ ಒಂದು ಕೋಲ್ಡ್ ಸ್ಟೋರಿನಲ್ಲಿ ಕೆಲಸ ಕೊಡಿಸಿದ್ದ. ಕೋಲ್ಡ್ ಸ್ಟೋರ್ ಎಂದರೆ ಅಲ್ಲಿ ಮೂಲೆ ಮೂಲೆಯಲ್ಲಿರುವ ಕಿರಾಣಿ ಅಂಗಡಿ. ವೀಸಾದ ಗಡುವು ಭಾನುವಾರಕ್ಕೆ ಮುಗಿಯುತ್ತಿತ್ತು. ಅದರೊಳಗೆ ಅಲ್ಲಿ ಇಳಿಯದಿದ್ದರೆ ವೀಸಾ ಹೋಯಿತು. ಅವತ್ತು ಮಂಗಳವಾರ.

ಅಂತೋನಿಯ ಮನೆ

ಹೋಟೆಲುಗಳೆಲ್ಲ ತುಂಬಿದ್ದರಿಂದ ನಮ್ಮಿಬ್ಬರನ್ನು ನೆಗೊಂಬೊ ಎಂಬ ಕರಾವಳಿ ಪೇಟೆಯ ಒಂದು ಮನೆಗೆ ಕಳಿಸಿದರು. ದಾರಿಯಲ್ಲಿ ಎರಡು ಕಡೆ ಸಿಪಾಯಿಗಳು ವ್ಯಾನನ್ನು ನಿಲ್ಲಿಸಿ, ನಮ್ಮ ಕೈಚೀಲದ ಹಲಸಿನ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿದರು. ಯುದ್ಧ ನಡೆಯುತ್ತಿರುವ ದೇಶದಲ್ಲಿ ಹಪ್ಪಳಕ್ಕೂ ತನಿಖೆ ತಪ್ಪಿದ್ದಲ್ಲ.

ಮನೆಯ ಯಜಮಾನ ಅಂತೋನಿ. ತೆಳ್ಳಗಿನ ಆಸಾಮಿ, ಮಾತು ಕಡಿಮೆ. ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟು ಉಳಿದ ಹೊತ್ತಿನಲ್ಲಿ ಮೀನು ಹಿಡಿಯುತ್ತಿದ್ದ. ಅಲ್ಲಿನ ಬೆಸ್ತರು ಇಗರ್ಜಿಗೆ ಹೋಗುವವರು, ಮನೆಯಲ್ಲಿ ಸಿಂಹಳದ ಜೊತೆ ತಮಿಳೂ ಆಡುವವರು. ಹಸನಬ್ಬನ ಬ್ಯಾರಿ ಭಾಷೆಗೂ ಅವರ ತಮಿಳಿಗೂ ಅರ್ಧ ದಾರಿಯಲ್ಲಿ ಹೇಗೋ ಭೇಟಿಯಾಗುತ್ತಿತ್ತು. ನನ್ನ ಪಾಲಿಗೆ ಅವನೇ ದುಭಾಷಿ. ಆ ಮನೆಯಲ್ಲಿ ನಾನು ಕೇಳಿದ ಮಾತೆಲ್ಲ ಅವನ ಬಾಯಿಯಿಂದಲೇ ಬಂದದ್ದು.

ಅಂತೋನಿಯ ಹೆಂಡತಿ ರೀತಾ ನಮಗೆ ಅನ್ನ, ಮೀನು, ತೆಂಗಿನಕಾಯಿ ತುರಿಯ ಖಾರದ ಚಟ್ನಿ ಬಡಿಸಿದರು. ಮೀನನ್ನು ಮಂತುಹುಳಿಯ ಜಾತಿಯ ಒಂದು ಹುಳಿ ಹಾಕಿ ಕಪ್ಪಾಗುವ ತನಕ ಬತ್ತಿಸಿದ್ದರು. ಹೋಟೆಲಿನವನಾದ ನಾನು ಬೇರೆಯವರ ಅಡುಗೆಯನ್ನು ಸುಲಭಕ್ಕೆ ಹೊಗಳುವವನಲ್ಲ. ಅವತ್ತು ಎರಡನೇ ಸಲ ಅನ್ನ ಹಾಕಿಸಿಕೊಂಡೆ. ಹಸನಬ್ಬ ಮೂರನೇ ಸಲ. ಕೋಳಿಯಾದರೆ ಯಾರು ಕೊಯ್ದದ್ದು ಎಂದು ವಿಚಾರಿಸಬೇಕು, ಮೀನಿಗೆ ಆ ತಾಪತ್ರಯ ಇಲ್ಲ ಎಂದು ಅವನ ಲೆಕ್ಕಾಚಾರ.

ಮನೆಯಲ್ಲಿ ಸುಣ್ಣ ಬಳಿಯುವ ಕೆಲಸ ನಡೆದಿತ್ತು. ಭಾನುವಾರ ಮಗಳು ಶಿರಾನಿಯ ನಿಶ್ಚಿತಾರ್ಥ. ಗಂಡಿನ ಕಡೆಯವರಿಗೆ ಮೀನಿನ ಊಟ ಹಾಕಬೇಕು ಎಂದು ರೀತಾ ಹೇಳಿದರು. ಮೀನಿನ ವ್ಯವಸ್ಥೆ ಆಗಿದೆಯೇ ಎಂದು ನಾನು ವೃತ್ತಿಧರ್ಮದಂತೆ ಕೇಳಿಸಿದೆ. ಆಗಿದೆ ಎಂದಷ್ಟೇ ಉತ್ತರ ಬಂತು.

ಹಿನ್ನೀರು

ಮನೆಯ ಹಿಂದೆ ತೆಂಗಿನ ಸಾಲು, ಅದು ಮುಗಿದರೆ ನೀರು. ಕಡಲು ಒಂದು ಕಿರಿದಾದ ಬಾಯಿಯಿಂದ ಒಳಗೆ ಬಂದು ವಿಸ್ತಾರವಾಗಿ ಹರಡಿಕೊಂಡಿದೆ. ಅಲೆಯಿಲ್ಲ, ಸೆಳೆತವೂ ಮೇಲೆ ಕಾಣುವುದಿಲ್ಲ. ದಡದಿಂದ ತುಂಬ ದೂರದವರೆಗೆ ಜನ ಸೊಂಟದಷ್ಟು ನೀರಿನಲ್ಲೇ ನಡೆದಾಡುತ್ತಾರೆ. ನಮ್ಮ ನೇತ್ರಾವತಿಯಲ್ಲಿ ಬೇಸಿಗೆಯಲ್ಲೂ ಒಂದು ಹೆಜ್ಜೆ ತಪ್ಪಿದರೆ ಗುಂಡಿ. ಇಲ್ಲಿ ಒಬ್ಬ ನಡುನೀರಿನಲ್ಲಿ ನಿಂತು ಬೀಡಿ ಹಚ್ಚುತ್ತಿದ್ದುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ನೀರಿನ ನಡುವೆ ಅಲ್ಲಲ್ಲಿ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲ ಗಿಡದ ಕೊಂಬೆಗಳು ದುಂಡಗೆ ಗುಂಪಾಗಿ ತಲೆ ಎತ್ತಿ ನಿಂತಿದ್ದವು. ನೆರೆ ಬಂದು ಹೋದ ಮೇಲೆ ನಮ್ಮ ಹೊಳೆಯಲ್ಲಿ ಮರದ ಗೆಲ್ಲುಗಳು ಸಿಕ್ಕಿಬಿದ್ದು ನಿಲ್ಲುವುದುಂಟು. ಅಂಥದ್ದೇ ಎಂದುಕೊಂಡೆ. ಹಸನಬ್ಬನೂ ಹಾಗೆಯೇ ಎಂದುಕೊಂಡ. ಅವನ ಕಣ್ಣು ಮಾತ್ರ ಅದರ ಮೇಲಿಂದ ಕದಲಲಿಲ್ಲ. ಗೆಲ್ಲು ಸಿಕ್ಕಿಬಿದ್ದಲ್ಲಿ ಮೀನು ಇರಲೇಬೇಕು ಎಂದ. ನಮ್ಮಲ್ಲಿ ಹಾಗೆ ಬಿದ್ದ ಗೆಲ್ಲು ಯಾರದ್ದೂ ಅಲ್ಲ. ಮೊದಲು ಬಲೆ ಬೀಸಿದವನದ್ದು ಮೀನು.

ಗುರುವಾರ

ಗುರುವಾರ ಬೆಳಿಗ್ಗೆ ಅಂತೋನಿ ನಿಶ್ಚಿತಾರ್ಥದ ಕೆಲಸಕ್ಕೆಂದು ಪೇಟೆಗೆ ಹೋಗಿದ್ದ. ವಿಮಾನದ ಸುದ್ದಿಯಿಲ್ಲ. ಕೂತು ಉಣ್ಣುವುದು ಹಸನಬ್ಬನಿಗೆ ಸರಿಬರಲಿಲ್ಲ. ಈ ಮನೆಯವರಿಗೆ ನಮ್ಮ ಕಡೆಯಿಂದ ಏನಾದರೂ ಆಗಬೇಕು ಎಂದು ಗೋಡೆಗೆ ನೇತುಹಾಕಿದ್ದ ಬೀಸುಬಲೆಯನ್ನು ರೀತಾರಿಂದ ಕೇಳಿ ಪಡೆದ. ಚೀಲ ಹಿಡಿಯಲು ನಾನು ಹೋದೆ.

ಅವನು ಬಲೆ ಬೀಸುವುದನ್ನು ನೋಡಬೇಕು. ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಸೊಂಟ ತಿರುಗಿಸಿ ಎಸೆದರೆ ಬಲೆ ಪೂರ್ತಿ ಅರಳಿಕೊಂಡು ನೀರಿಗೆ ಬೀಳುತ್ತಿತ್ತು. ಮನೆಗೆ ಹತ್ತಿರದ ಗೆಲ್ಲುಗಳ ಗುಂಪಿನ ಪಕ್ಕದಲ್ಲಿ ಎರಡು ಸಲ ಬೀಸಿದ್ದಕ್ಕೇ ಚೀಲ ಅರ್ಧ ತುಂಬಿತು. ಸಿಗಡಿ, ಕಾನೆ, ಮಲಯಾಳಿಗಳು ಕರಿಮೀನು ಎನ್ನುವ ಚಪ್ಪಟೆ ಮೀನು. ಮೂರನೇ ಸಲ ಬಲೆ ಗೆಲ್ಲಿಗೆ ಸಿಕ್ಕಿಕೊಂಡಿತು. ಅವನು ಒಳಗೆ ಹೋಗಿ ಎರಡು ಗೆಲ್ಲುಗಳನ್ನು ಕಿತ್ತು ಆಚೆ ಎಸೆದು ಬಲೆ ಬಿಡಿಸಿದ.

ಚೀಲವನ್ನು ಅಡುಗೆಮನೆಯ ಬಾಗಿಲಲ್ಲಿ ಇಟ್ಟಾಗ ಹಸನಬ್ಬನ ಮುಖದಲ್ಲಿ ಹಬ್ಬದ ಕಳೆ ಇತ್ತು. ರೀತಾ ಎಲ್ಲಿ ಸಿಕ್ಕಿತೆಂದು ಕೇಳಿದರು. ಅವನು ಕೈ ತೋರಿಸಿದ. ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಶಿರಾನಿ ಒಳಗಿಂದ ಬಂದು ಚೀಲವನ್ನೂ ತಾಯಿಯನ್ನೂ ನೋಡಿ ಹಿಂದಕ್ಕೆ ಹೋದಳು. ಏನೋ ದೊಡ್ಡ ಎಡವಟ್ಟಾಗಿದೆ ಎಂದು ತಿಳಿಯಲು ನನಗೆ ದುಭಾಷಿ ಬೇಕಾಗಲಿಲ್ಲ.

ಅಂತೋನಿ ಬಂದ ಮೇಲೆ ಎಲ್ಲ ತಿಳಿಯಿತು. ಆ ಕೊಂಬೆಗಳು ನೆರೆಗೆ ಸಿಕ್ಕಿಬಿದ್ದವಲ್ಲ. ಒಂದೊಂದನ್ನೂ ಅವನೇ ಕಡಿದು ತಂದು ಕೆಸರಿಗೆ ಊರಿದ್ದ. ಹಾಗೆ ಕೊಂಬೆ ಊರಿ, ವಾರಗಟ್ಟಲೆ ಯಾರೂ ಹತ್ತಿರ ಸುಳಿಯದೆ ಬಿಟ್ಟರೆ, ಎಲೆ ಕೊಳೆತು ಪಾಚಿ ಹಿಡಿದು ಮೀನು ಬಂದು ನೆಲೆ ನಿಲ್ಲುತ್ತದೆ. ಅದು ಮೀನಿಗೆ ಕಟ್ಟಿಕೊಟ್ಟ ಗೂಡು. ಕಟ್ಟಿದವನ ಹೊರತು ಯಾರೂ ಅದರ ಪಕ್ಕದಲ್ಲಿ ಹುಟ್ಟು ಕೂಡ ಬಡಿಯುವುದಿಲ್ಲ. ಆ ಗೂಡು ಶಿರಾನಿಯ ನಿಶ್ಚಿತಾರ್ಥಕ್ಕೆಂದೇ ಕಟ್ಟಿದ್ದು. ಅಲ್ಲಿನ ಬೆಸ್ತರ ಕ್ರಮದಲ್ಲಿ ಹುಡುಗಿಯ ತಂದೆ ಹುಡುಗನ ತಂದೆಯನ್ನು ನೀರಿಗೆ ಇಳಿಸಿಕೊಂಡು ಹೋಗಿ ಅವನ ಕಣ್ಣೆದುರು ಗೂಡು ಬಿಚ್ಚಬೇಕು. ಇಬ್ಬರೂ ನೋಡಿ ತೆಗೆದ ಮೀನೇ ಎಲೆಗೆ ಬೀಳಬೇಕು. ಪೇಟೆಯ ಮೀನು ಬಡಿಸಿದರೆ ಸಂಬಂಧವೇನೂ ಮುರಿಯುವುದಿಲ್ಲವಂತೆ. ಆದರೆ ಇವಳ ಅಪ್ಪನಿಗೆ ಕಾಯಲು ತಾಳ್ಮೆ ಸಾಲಲಿಲ್ಲ, ಮುಂಚೆಯೇ ಬಿಚ್ಚಿ ತಿಂದ ಎಂಬ ಮಾತು ಹುಡುಗಿಯ ಹಿಂದೆ ಗಂಡನ ಮನೆ ತನಕ ಹೋಗುತ್ತದೆ.

ಅಂತೋನಿ ಬೈಯಲಿಲ್ಲ. ಕೊಂಬೆ ಕಿತ್ತಿದ್ದೀರಾ ಎಂದು ಮಾತ್ರ ಕೇಳಿದ. ಹಸನಬ್ಬ ಹೌದೆಂದ. ಹಾಗಾದರೆ ಹೆದರಿದ ಮೀನು ನೀರಿನ ಇಳಿತದ ಜೊತೆ ಗೂಡು ಬಿಟ್ಟು ಹೋಗುತ್ತದೆ ಎಂದ ಅಂತೋನಿ. ಅವನ ಧ್ವನಿ ಏರಿದ್ದರೆ ನಮಗೆ ಸುಲಭವಾಗುತ್ತಿತ್ತು.

ದೋಣಿಯಲ್ಲಿ

ಉಳಿದದ್ದು ಒಂದೇ ದಾರಿ. ನೀರು ಇಳಿಯುವ ಮೊದಲೇ ಗೂಡಿನ ಸುತ್ತ ಕೋಲು ನೆಟ್ಟು ಬಲೆ ಕಟ್ಟಿ, ಮೀನನ್ನು ಭಾನುವಾರದವರೆಗೆ ಒಳಗೇ ನಿಲ್ಲಿಸುವುದು. ಗೂಡು ಬಿಚ್ಚುವ ದಿನ ಕಟ್ಟುವ ಬಲೆಯನ್ನು ಮೊದಲೇ ಕಟ್ಟಿದಂತಾಯಿತು. ತೊಂದರೆಯೆಂದರೆ, ಏರಿಳಿತದ ನೀರಿನೊಂದಿಗೆ ಜೊಂಡು ಬಂದು ಬಲೆಗೆ ಅಡರುತ್ತದೆ. ಭಾರಕ್ಕೆ ಬಲೆ ಬಾಗಿದರೆ ಮೀನು ಮೇಲಿನಿಂದ ಹಾರಿಹೋಗುತ್ತದೆ. ಯಾರಾದರೂ ಪಕ್ಕದಲ್ಲೇ ಇದ್ದು ಜೊಂಡು ಕೀಳುತ್ತಿರಬೇಕು.

ಹಸನಬ್ಬ ಯಾರನ್ನೂ ಕೇಳದೆ ಅಂತೋನಿಯ ದೋಣಿ ಹತ್ತಿದ. ಆ ದೋಣಿಯೋ ಒಂದು ಮರದ ತೊಟ್ಟಿ, ಬದಿಗೊಂದು ದಿಮ್ಮಿ ಕಟ್ಟಿದ್ದರಿಂದ ಮಗುಚದೆ ನಿಲ್ಲುವಂಥದ್ದು. ಅದರಲ್ಲಿ ಅವನ ವಾಸ ಶುರುವಾಯಿತು. ಜೊಂಡು ಕೀಳುತ್ತಿದ್ದ, ನಮಾಜಿನ ಹೊತ್ತಿಗೆ ನಮಾಜು ಮಾಡುತ್ತಿದ್ದ, ಮತ್ತೆ ಜೊಂಡು ಕೀಳುತ್ತಿದ್ದ. ಅಂತೋನಿ ನಡುನಡುವೆ ಬಂದು ಬದಲಿಗೆ ನಿಂತರೂ ಇವನು ನಿದ್ದೆ ಮಾಡಿದ್ದು ದೋಣಿಯಲ್ಲೇ.

ನಾನು ಶುಕ್ರವಾರ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದೆ. ನೀರಿನಲ್ಲಿ ನಡೆದು ಹೋಗಬಹುದು ಎಂಬ ಧೈರ್ಯದಿಂದ ಹೊರಟವನು ದಾರಿಯಲ್ಲಿ ಒಂದು ಚಪ್ಪಲಿಯನ್ನು ಕೆಸರಿಗೆ ಅರ್ಪಿಸಿದೆ. ದೋಣಿ ಹತ್ತುವಾಗ ಬುತ್ತಿಯ ಸಾರು ನನ್ನ ಅಂಗಿಯ ಮೇಲೆ ಬಿತ್ತು. ಹಸನಬ್ಬ ನಗಲಿಲ್ಲ. ಅವನ ಬೆರಳುಗಳು ಉಪ್ಪುನೀರಿಗೆ ಬಿಳಿಚಿ ಸುಕ್ಕುಗಟ್ಟಿದ್ದವು. ಕೊಂಬೆಗಳ ಕೆಳಗೆ ಆಗಾಗ ಬೆಳ್ಳಗೆ ಏನೋ ಹೊರಳುತ್ತಿತ್ತು. ಅದನ್ನು ನನಗೆ ತೋರಿಸುವಾಗ ಮಾತ್ರ ಅವನ ಮುಖ ಸ್ವಲ್ಪ ಬಿಚ್ಚಿಕೊಂಡಿತು.

ವಿಚಿತ್ರವೆಂದರೆ ಈ ಕೊಂಬೆಗಾಗಿ ಅಲ್ಲಿಯವರು ದಡದಲ್ಲಿ ಕಾಂಡ್ಲದ ತೋಪನ್ನೇ ನೆಟ್ಟು ಬೆಳೆಸುತ್ತಾರೆ. ಮೀನು ಹಿಡಿಯಲು ಮೊದಲು ಮರ ನೆಡುವ ಜನರನ್ನು ನಾನು ನೋಡಿದ್ದು ಅಲ್ಲೇ. ನಮ್ಮ ಹೊಳೆಗೆ ನಾವು ಏನು ಕೊಟ್ಟಿದ್ದೇವೆ ಎಂದು ಯೋಚಿಸಿದೆ. ಗಣಪತಿಯ ವಿಗ್ರಹ ಮತ್ತು ಬಂಟ್ವಾಳ ಪೇಟೆಯ ಚರಂಡಿ ಬಿಟ್ಟರೆ ಬೇರೆ ನೆನಪಾಗಲಿಲ್ಲ.

ಶನಿವಾರ

ಶನಿವಾರ ಬೆಳಿಗ್ಗೆ ಬೀದಿಯ ಮೂಲೆಯಂಗಡಿಗೆ ವಿಮಾನ ಕಂಪೆನಿಯ ಫೋನು ಬಂತು. ನಮ್ಮಿಬ್ಬರಿಗೂ ಸೀಟು ಆಗಿದೆ, ಮಧ್ಯಾಹ್ನ ಬಸ್ಸು ಬರುತ್ತದೆ, ಭಾನುವಾರ ಬಹರೈನಿಗೆ ವಿಮಾನವಿಲ್ಲ. ನಾನು ಉಳಿದ ಒಂದು ಚಪ್ಪಲಿಯನ್ನು ದಡದಲ್ಲೇ ಬಿಟ್ಟು ನೀರಿಗಿಳಿದೆ.

ಸುದ್ದಿ ಕೇಳಿ ಹಸನಬ್ಬ ಜೊಂಡು ಕೀಳುವುದನ್ನು ನಿಲ್ಲಿಸಲಿಲ್ಲ.

"ನೀವು ಹೋಗಿ ಶೆಟ್ರೇ. ನಾಳೆ ಬಲೆ ಎತ್ತಿದ ಮೇಲೆ ನಾನು ಬರ್ತೇನೆ."

"ನಾಳೆ ವಿಮಾನ ಇಲ್ಲ. ವೀಸಾ ಹೋಗ್ತದೆ ಮಾರಾಯ್ರೇ."

"ಹೋಗ್ಲಿ. ಕೊಂಬೆ ಕಿತ್ತವ ನಾನು. ಅವರ ಮಗಳ ಕಾರ್ಯ ಕೆಡಿಸಿ ಹೋಗಿ ನಾನು ಅಲ್ಲಿ ಅಂಗಡಿಯಲ್ಲಿ ಕೂತು ಮಾಡ್ಲಿಕ್ಕೆ ಏನುಂಟು?"

ನಾಳೆಯ ತನಕ ಅಂತೋನಿ ಬಲೆ ಕಾಯುತ್ತಾನೆ ಎಂದೆ. ನಾಳೆ ಬೀಗರನ್ನು ಎದುರುಗೊಳ್ಳಬೇಕಾದವನು ಇವತ್ತು ರಾತ್ರಿ ಪೂರ್ತಿ ನೀರಿನಲ್ಲಿ ನಿಲ್ಲುವುದೇ ಎಂದು ತಿರುಗಿ ಕೇಳಿದ. ನನಗೆ ಸಿಟ್ಟು ಬಂತು. ಫರಂಗಿಪೇಟೆಯಲ್ಲಿ ಹೆಂಡತಿ ಮಕ್ಕಳು ಇವನ ಮೊದಲ ಫೋನಿಗೆ ಕಾಯುತ್ತಿರುವಾಗ ಇದೆಂಥ ಹಟ ಎಂದು ರೇಗಿದೆ. ಅವನು ಮುಖ ತಿರುಗಿಸಿದ. ಕಣ್ಣು ಒದ್ದೆಯಾಗಿತ್ತು, ಬಹುಶಃ ಉಪ್ಪುನೀರಿಗೆ.

ವಾಪಸು ಬಂದು ನಾನು ಕೈಸನ್ನೆಯಲ್ಲಿ, ಹರಕು ಇಂಗ್ಲಿಷಿನಲ್ಲಿ, ಟಿಕೆಟು ತೋರಿಸಿ, ಬೆರಳು ಮಡಚಿ ಅಂತೋನಿಗೆ ಎಲ್ಲವನ್ನೂ ತಿಳಿಸಿದೆ. ಅವನಿಗೆ ವೀಸಾದ ವಿಷಯ ಗೊತ್ತಿರಲಿಲ್ಲ. ಹಸನಬ್ಬ ಹೇಳಿರಲೇ ಇಲ್ಲ. ಅಂತೋನಿ ಹೆಂಡತಿಗೆ ಏನೋ ಹೇಳಿದ. ರೀತಾ ಬಾಯಿಗೆ ಕೈ ಇಟ್ಟುಕೊಂಡರು. ಅವನು ಸೈಕಲ್ಲು ಹತ್ತಿ ಹೋದ.

ಹೋದದ್ದು ಬೀಗರ ಮನೆಗೆ ಎಂದು ಆಮೇಲೆ ಹಸನಬ್ಬನಿಂದ ತಿಳಿಯಿತು. ಗೂಡು ಬಿಚ್ಚುವುದನ್ನು ನಾಳೆಯ ಬದಲು ಇವತ್ತೇ ಬಂದು ನೋಡಬೇಕು ಎಂದು ಬೇಡಿಕೊಳ್ಳಲು. ಹುಡುಗಿಯ ತಂದೆ ನಿಶ್ಚಿತಾರ್ಥದ ಮುನ್ನಾದಿನ ಗಂಡಿನ ಕಡೆಯವರ ಬಾಗಿಲಿಗೆ ಹೋಗಿ ಉಪಕಾರ ಕೇಳುವುದು ಎಂದರೆ ಏನೆಂದು ನನಗೆ ಗೊತ್ತು. ನಮ್ಮಲ್ಲೂ ಆ ಹೊತ್ತಿನಲ್ಲಿ ಹೆಣ್ಣಿನ ಕಡೆಯವರು ಕೇಳದೆಯೇ ತಲೆ ತಗ್ಗಿಸಿ ನಿಂತಿರುತ್ತಾರೆ. ತನ್ನ ಊರಿನವನಲ್ಲದ, ಜಾತಿಯವನಲ್ಲದ, ತನ್ನ ಗೂಡು ಕೆಡಿಸಿದ ಒಬ್ಬ ದಾರಿಹೋಕನಿಗಾಗಿ ಅಂತೋನಿ ಆ ಕೆಲಸ ಮಾಡಿದ. ನಾನಾಗಿದ್ದರೆ ಮಾಡುತ್ತಿರಲಿಲ್ಲ.

ಬೀಗರು ಬಂದರು. ದಪ್ಪ ದೇಹ, ಮುಖ ಗಂಟಿಕ್ಕಿತ್ತು. ದಡದಲ್ಲಿ ಅಂತೋನಿಗೆ ಏನೇನೋ ಒಗ್ಗರಣೆ ಹಾಕುತ್ತಲೇ ಇದ್ದರು. ನನಗೆ ತರ್ಜುಮೆ ಮಾಡುವವನು ದೋಣಿಯಲ್ಲಿದ್ದುದರಿಂದ ಅದು ನನಗೆ ತಪ್ಪಿತು. ಕೊನೆಗೆ ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿಕೊಂಡು ನೀರಿಗಿಳಿದರು. ದೋಣಿಯ ಹತ್ತಿರ ಹೋಗಿ ಹಸನಬ್ಬನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಅವರ ಒಗ್ಗರಣೆ ನಿಂತಿತು.

ಬಲೆಯೊಳಗಿನ ಕೊಂಬೆಗಳನ್ನು ಅಂತೋನಿ ಒಂದೊಂದಾಗಿ ಕಿತ್ತು ಕೊಟ್ಟ. ಹಸನಬ್ಬ ಸೊಂಟಮಟ್ಟದ ನೀರಿನಲ್ಲಿ ನಿಂತು ಅವನ್ನು ಹೊರಗೆ ದಾಟಿಸಿದ. ಕೊಂಬೆ ಕಡಿಮೆಯಾದಂತೆ ಬಲೆಯನ್ನು ಕಿರಿದು ಮಾಡುತ್ತ ಬಂದರು. ಅರ್ಧ ಮುಗಿದರೂ ಏನೂ ಕಾಣಲಿಲ್ಲ. ಬರೀ ಕಲಕಿದ ಕೆಸರು. ಹಸನಬ್ಬ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದಡದಲ್ಲಿ ಶಿರಾನಿ ತಾಯಿಯ ಸೆರಗಿನ ತುದಿಯನ್ನು ಹಿಡಿದು ನಿಂತಿದ್ದಳು. ಕೊನೆಯ ಕೊಂಬೆಗಳನ್ನು ಎತ್ತುವಾಗ ನೀರು ಕುದಿಯತೊಡಗಿತು. ಒಂದು ಮೀನು ಬೀಗರ ಹೊಟ್ಟೆಗೆ ಬಡಿದು ಹಾರಿತು, ಇನ್ನೊಂದು ಅವರ ಕನ್ನಡಕವನ್ನು ಕೆಡವಿತು. ಅವರು ಕನ್ನಡಕವನ್ನು ಹುಡುಕುವುದು ಬಿಟ್ಟು ಕೈಬಲೆ ಕಸಿದುಕೊಂಡು ಮೀನು ಗೋರಲು ನಿಂತರು. ಬುಟ್ಟಿಗಳು ತುಂಬಿದವು. ಮಂಜುಗಡ್ಡೆಯಲ್ಲಿಟ್ಟರೆ ನಾಳೆಯ ಊಟಕ್ಕೆ ಸಾಕಾಗಿ ಮಿಗುವಷ್ಟು. ನನಗೆ ಎಷ್ಟು ಸಂತೋಷವಾಯಿತೆಂದರೆ, ಬರಿಗಾಲಿನಲ್ಲಿ ಗಲ್ಫಿಗೆ ಹೋಗಬೇಕಾದೀತು ಎಂಬುದು ಮರೆತೇಹೋಯಿತು.

ಬಸ್ಸು ಬಂದು ಹಾರನ್ನು ಹೊಡೆಯುತ್ತಿತ್ತು. ಅಂತೋನಿ ಹಸನಬ್ಬನ ತೋಳು ಹಿಡಿದು ನಿಲ್ಲಿಸಿದ. ಹಳೆಯ ಗೂಡು ಬಿಚ್ಚಿದ ಜಾಗದಲ್ಲಿ ಅದೇ ದಿನ ಹೊಸ ಗೂಡಿಗೆ ಮೊದಲ ಕೊಂಬೆ ಬೀಳಬೇಕಂತೆ. ಬಲೆ ಕಾದವನೇ ಅದನ್ನು ಊರಬೇಕು ಎಂದ. ಹಸನಬ್ಬ, ಇದರ ಮೀನು ತಿನ್ನಲು ನಾನಿರುವುದಿಲ್ಲವಲ್ಲ ಎಂದ. ಅಂತೋನಿ ಕೊಂಬೆಯನ್ನು ಅವನ ಕೈಗೆ ಕೊಟ್ಟ. ಅವನು ಎರಡೂ ಕೈಯಿಂದ ಅದನ್ನು ಕೆಸರಿಗೆ ಒತ್ತಿದ. ಅಲುಗಾಡಿಸಿ ನೋಡಿ, ಸಾಲದೆಂದು ಮತ್ತೆ ಒತ್ತಿದ. ಒದ್ದೆ ಲುಂಗಿಯಲ್ಲೇ ಬಸ್ಸು ಹತ್ತಿದ.

ಬಹರೈನ್, ಆಮೇಲೆ ಮೂಡುಬಿದಿರೆ

ಬಹರೈನಿನ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ತಂಗಿಯ ಮನೆ ತಂಪಾಗಿತ್ತು, ಹೊರಗೆ ಬಿಸಿಯಾಗಿತ್ತು. ಉಪ್ಪಿನಕಾಯಿ ಅರ್ಧ ಉಳಿದಿತ್ತು. ಒಂದು ಸಂಜೆ ಹಸನಬ್ಬನ ಅಂಗಡಿಯನ್ನು ಹುಡುಕಿಕೊಂಡು ಹೋದೆ. ಅವನು ಜ್ಯೂಸಿನ ಡಬ್ಬಿಗಳನ್ನು ಫ್ರಿಜ್ಜಿನೊಳಗೆ ಸಾಲಾಗಿ ಜೋಡಿಸುತ್ತಿದ್ದ. ಕೈಗಳು ಒಣಗಿ ಮೊದಲಿನಂತಾಗಿದ್ದವು. ಚಹಾ ತರಿಸಿಕೊಟ್ಟ. ಅಂಗಡಿಯ ಕಷ್ಟಸುಖ ಏನನ್ನೂ ಹೇಳಲಿಲ್ಲ. ನಾನು ವಾಪಸು ಹೋಗುವುದು ಕೊಲಂಬೊ ಮೇಲೆಯೇ ಎಂದು ಖಚಿತಪಡಿಸಿಕೊಂಡ. ಹಗಲಿನ ವಿಮಾನವಾದರೆ ಕಿಟಕಿಯ ಸೀಟು ಕೇಳಿ ತೆಗೆದುಕೊಳ್ಳಿ ಎಂದ.

ಕಿಟಕಿಯ ಸೀಟು ಸಿಕ್ಕಿತು. ವಿಮಾನ ಇಳಿಯುವ ಮೊದಲು ಹಿನ್ನೀರಿನ ಮೇಲೆಯೇ ಹಾದುಹೋಯಿತು. ನೀರಿನಲ್ಲಿ ಕಪ್ಪು ಚುಕ್ಕೆಗಳು ತುಂಬ ಇದ್ದವು. ಎಲ್ಲವೂ ಒಂದೇ ತರಹ. ಅಂತೋನಿಯ ಮನೆ ಯಾವ ತೆಂಗಿನ ಸಾಲಿನ ಹಿಂದೆ ಎಂದು ಗುರುತಿಸುವಷ್ಟರಲ್ಲಿ ರೆಕ್ಕೆ ಓರೆಯಾಗಿ ಬರೀ ಆಕಾಶ ಕಂಡಿತು. ನಿಲ್ದಾಣದಿಂದ ಹೊರಗೆ ಬಿಡಲಿಲ್ಲ.

ಊರಿಗೆ ಬಂದ ಮೇಲೆ ಒಂದು ಶುಕ್ರವಾರ, ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲದ ನಡುವೆ, ಹಸನಬ್ಬನ ಫೋನು ಬಂತು. ದುಬಾರಿ ಕರೆ. ಅವನು ನನ್ನ ಆರೋಗ್ಯ ಕೂಡ ಕೇಳಲಿಲ್ಲ.

"ಕಂಡಿತಾ ಶೆಟ್ರೇ?"

"ಕಂಡಿತು," ಎಂದೆ.

"ಕೊಂಬೆಯ ಮೇಲೆ ಹಕ್ಕಿ ಕೂತಿತ್ತಾ?"

ಆ ಎತ್ತರದಿಂದ ಹಕ್ಕಿ ಕಾಣುವುದಿಲ್ಲ ಎಂದು ವಿಮಾನ ಹತ್ತಿದವನಿಗೆ ಗೊತ್ತಿರಬೇಕು. ಅವನೂ ಹತ್ತಿದವನೇ. ಆದರೂ ಕೇಳಿ, ಉತ್ತರಕ್ಕಾಗಿ ಕಾಯುತ್ತಿದ್ದ.

"ಕೂತಿತ್ತು. ಎರಡು ಮೂರು ಕೂತಿದ್ದವು."

"ಹಾಗಾದ್ರೆ ಮೀನು ಉಂಟು," ಎಂದ ಹಸನಬ್ಬ.